ಕಲ್ಲಿಗೂ ಮೀನಿಗೂ ಕೈ ಸೋಕಿಸುವ ಮುನ್ನ

ಮೈಸೂರು

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನಿನ್ನ ಅಮ್ಮನ ಮಂಡಿನೋವು ಎಷ್ಟೋ ಇಳಿದಿದೆ, ಅದರ ಚಿಂತೆ ಬೇಡ. ಕೆನಡಾದ ಯೂಕಾನ್ ಸೀಮೆಯ ವೈಟ್‌ಹಾರ್ಸ್‌ನ ಚಳಿಗೆ ನೀನು ಒಗ್ಗಿಕೊಂಡಿದ್ದೀಯ, ಹೊಟ್ಟೆ ತುಂಬ ಉಣ್ಣುತ್ತಿದ್ದೀಯ ಎಂದು ಓದಿ ಸಮಾಧಾನವಾಯಿತು. ಪತ್ರದ ಕೊನೆಯಲ್ಲಿ ಎರಡು ಆಸೆಗಳನ್ನು ಬರೆದಿದ್ದೀಯ. ಚಳಿಗಾಲದಲ್ಲಿ ಟ್ಯಾಗಿಶ್ ಸರೋವರದ ಮಂಜುಗಡ್ಡೆ ಕೊರೆದು ಮೀನು ಹಿಡಿಯಬೇಕು, ವಸಂತದಲ್ಲಿ ಅದೇ ಸರೋವರದ ದಂಡೆಯಲ್ಲಿ 2000ದಲ್ಲಿ ಬಿದ್ದ ಉಲ್ಕಾಶಿಲೆಯ ಚೂರು ಹುಡುಕಬೇಕು, ಸಿಕ್ಕರೆ ದೊಡ್ಡಮ್ಮನಿಗೆ ಒಂದು ತರಬೇಕು. ಕೆಲಸದಲ್ಲಿದ್ದಷ್ಟು ಕಾಲವೂ ಭೂವಿಜ್ಞಾನ ಪಾಠ ಮಾಡಿದವಳು ನಾನು. ಹುಟ್ಟಿದ್ದು ಕುಂದಾಪುರದ ಕಡೆ, ಬಂಗುಡೆಯಿಲ್ಲದೆ ಊಟ ಮುಗಿಯದ ಮನೆಯಲ್ಲಿ. ಆದ್ದರಿಂದ ಎರಡರ ಬಗ್ಗೆಯೂ ನನಗೆ ಹೇಳುವುದಿದೆ. ತಾಳ್ಮೆಯಿಂದ ಓದು.

ಮೊದಲು ಕಲ್ಲಿನ ಮಾತು. ಜನವರಿ 18ರ ಬೆಳಿಗ್ಗೆ ಎಂಟೂಮುಕ್ಕಾಲರ ಸುಮಾರಿಗೆ, ಆ ಉತ್ತರದ ನಾಡಿನಲ್ಲಿ ಇನ್ನೂ ಸೂರ್ಯ ಮೂಡುವ ಮುನ್ನ, ಯೂಕಾನ್ ಮತ್ತು ಬ್ರಿಟಿಷ್ ಕೊಲಂಬಿಯಾದ ಆಕಾಶದಲ್ಲಿ ಬೆಂಕಿಯುಂಡೆಯೊಂದು ಹಾದುಹೋಯಿತು. ಅಮೆರಿಕದ ರಕ್ಷಣಾ ಉಪಗ್ರಹಗಳೂ ಅದನ್ನು ದಾಖಲಿಸಿದವು. ಬಾಹ್ಯಾಕಾಶದಿಂದ ಬಂದ ಆ ಬಂಡೆ ಸುಮಾರು ನಾಲ್ಕು ಮೀಟರ್ ಅಗಲವಿತ್ತು, ಐವತ್ತು ಟನ್ನಿಗೂ ಮಿಕ್ಕ ತೂಕವಿತ್ತು ಎಂಬುದು ಲೆಕ್ಕಾಚಾರ. ಬಹುಪಾಲು ಗಾಳಿಯಲ್ಲೇ ಉರಿದು ಚದುರಿಹೋಯಿತು. ಉಳಿದ ಚೂರುಗಳು ಹೆಪ್ಪುಗಟ್ಟಿದ್ದ ಟ್ಯಾಗಿಶ್ ಸರೋವರದ ಟಾಕು ಆರ್ಮ್ ಎಂಬ ಕವಲಿನ ಮೇಲೆ ಬಿದ್ದವು.

ವಾರದ ನಂತರ, 25ರಂದು, ಸ್ಥಳೀಯ ನಿವಾಸಿ ಜಿಮ್ ಬ್ರೂಕ್ ಮಂಜುಗಡ್ಡೆಯ ಮೇಲೆ ಗಾಡಿ ಓಡಿಸಿಕೊಂಡು ಹೋಗುತ್ತಿದ್ದಾಗ ಕರಿಯ ಚೂರುಗಳನ್ನು ಕಂಡರು. ಅವರು ಆಗ ನಡೆದುಕೊಂಡ ರೀತಿಯನ್ನು ನಾನು ಪ್ರತಿವರ್ಷ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಅವರು ಒಂದನ್ನೂ ಬರಿಗೈಯಲ್ಲಿ ಮುಟ್ಟಲಿಲ್ಲ. ಶುಚಿಯಾದ ಪ್ಲಾಸ್ಟಿಕ್ ಚೀಲಗಳಿಂದಲೇ ಹಿಡಿದು, ಚೀಲದೊಳಗೇ ಮುಚ್ಚಿ, ಮನೆಗೆ ಒಯ್ದು, ಕರಗದಂತೆ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಕಾಪಾಡಿದರು. ಮರುದಿನವೂ ಹೋಗಿ ಆದಷ್ಟು ಆರಿಸಿದರು. ಆಮೇಲೆ ಹಿಮ ಬಿದ್ದು ಉಳಿದದ್ದೆಲ್ಲ ಮುಚ್ಚಿಹೋಯಿತು. ಆ ಎರಡು ದಿನಗಳಲ್ಲಿ ಸಿಕ್ಕಿದ್ದು ಒಂದು ಕಿಲೋಗೂ ಕಡಿಮೆ. ಆದರೆ ಬಿದ್ದ ಗಳಿಗೆಯಿಂದ ಪ್ರಯೋಗಾಲಯದ ಮೇಜಿನವರೆಗೆ ಒಮ್ಮೆಯೂ ಕರಗದೆ ಬಂದ ಉಲ್ಕಾಶಿಲೆ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಅವರಿಂದ.  ಅದರ ಗೌರವ ಅವರಿಗೇ ಸಲ್ಲಬೇಕು ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ.

ಕರಗದಿರುವುದು ಯಾಕೆ ಅಷ್ಟು ಮುಖ್ಯ ಎಂದು ನೀನು ಕೇಳಬಹುದು. ಭೂಮಿಗೆ ಬಿದ್ದದ್ದನ್ನು ಜನ ಕಣ್ಣಾರೆ ಕಂಡ ಉಲ್ಕಾಶಿಲೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಲ್ಲಿನ ಜಾತಿಯವೇ. ಅವುಗಳಲ್ಲಿ ಬಹುಪಾಲು ಕಾಂಡ್ರೈಟ್‌ಗಳು. ಸೌರವ್ಯೂಹ ರೂಪುಗೊಳ್ಳುತ್ತಿದ್ದಾಗ, ಅಂದರೆ ಸುಮಾರು 456 ಕೋಟಿ ವರ್ಷಗಳ ಹಿಂದೆ, ಧೂಳು ಒಮ್ಮೆಲೇ ಕರಗಿ ಹನಿಯಾಗಿ, ಕ್ಷಣದಲ್ಲಿ ಗಟ್ಟಿಯಾದ ಪುಟ್ಟ ಗೋಲಿಗಳು ಅವುಗಳೊಳಗೆ ಇರುತ್ತವೆ. ನಮ್ಮ ಮದ್ದೂರಿನಲ್ಲಿ 1865ರಲ್ಲಿ ಬಿದ್ದದ್ದು, ಮರುವರ್ಷ ಉಡುಪಿಯಲ್ಲಿ ಬಿದ್ದದ್ದು, ಎರಡೂ ಸಾಧಾರಣ ಕಾಂಡ್ರೈಟ್‌ಗಳೇ. ಉಡುಪಿಯದು ಕಬ್ಬಿಣ ಹೆಚ್ಚಿರುವ ಗುಂಪಿನದು, ಮದ್ದೂರಿನದು ಕಬ್ಬಿಣ ಕಡಿಮೆಯಿರುವ ಗುಂಪಿನದು. ಇವು ಗಟ್ಟಿ ಕಲ್ಲುಗಳು. ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ 2013ರ ಫೆಬ್ರವರಿ 15ರಂದು ಸಿಡಿದ ಉಲ್ಕೆಯೂ ಇದೇ ಕುಲದ್ದು. ಅದರ ದೊಡ್ಡ ತುಂಡು ಚೆಬಾರ್ಕುಲ್ ಸರೋವರದ ಮಂಜುಗಡ್ಡೆಯನ್ನು ತೂತು ಮಾಡಿ ತಳ ಸೇರಿತ್ತು. ಅಕ್ಟೋಬರ್‌ನಲ್ಲಿ ಕೆಸರಿನಿಂದ ಮೇಲೆತ್ತಿದಾಗಲೂ ಅರ್ಧ ಟನ್ನಿಗಿಂತ ಹೆಚ್ಚು ತೂಗುವ ಕಲ್ಲಾಗಿಯೇ ಉಳಿದಿತ್ತು.

ಟ್ಯಾಗಿಶ್ ಕಲ್ಲು ಹಾಗಲ್ಲ. ಅದು ಇಂಗಾಲ ತುಂಬಿದ ಅಪರೂಪದ ಕಾಂಡ್ರೈಟ್. ನೋಡಲು ಒಲೆಯ ಇದ್ದಿಲಿನಂತೆ ಕರಿ, ಇದ್ದಿಲಿನಂತೆಯೇ ಹಗುರ. ಸಾಧಾರಣ ಕಾಂಡ್ರೈಟ್ ನೀರಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರವಾದರೆ ಇದು ಒಂದೂವರೆ ಪಟ್ಟಿಗೆ ತುಸು ಮೇಲೆ, ಅಷ್ಟೇ. ಒಳಗೆಲ್ಲ ರಂಧ್ರ, ಜೇಡಿಯಂಥ ಖನಿಜ, ಸಾವಯವ ವಸ್ತು. ಅದರೊಳಗಿನ ಫಾರ್ಮಿಕ್ ಆಮ್ಲದಂಥವು ಬೆಚ್ಚಗಾದರೆ ಹಾರಿಹೋಗುತ್ತವೆ. ಅಮೈನೋ ಆಮ್ಲಗಳೂ ಇವೆ. ನಮ್ಮ ಬೆರಳಿನ ಬೆವರಿನಲ್ಲಿಯೂ ಅಮೈನೋ ಆಮ್ಲಗಳಿವೆಯಲ್ಲ? ಒಂದು ಸಲ ಬೆರಳು ತಾಗಿದರೆ ಯಾವುದು ಆಕಾಶದ್ದು, ಯಾವುದು ಎತ್ತಿದವನದು ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಬ್ರೂಕ್ ಅವರು ಕಾಪಾಡಿದ ಚೂರುಗಳನ್ನು 2006ರಲ್ಲಿ ಆಲ್ಬರ್ಟಾ ವಿಶ್ವವಿದ್ಯಾಲಯ ಮತ್ತು ರಾಯಲ್ ಒಂಟಾರಿಯೊ ಮ್ಯೂಸಿಯಂ ಕೊಂಡುಕೊಂಡವು. ಆಲ್ಬರ್ಟಾ ವಿಶ್ವವಿದ್ಯಾಲಯವಿರುವ ಎಡ್ಮಂಟನ್‌ನಲ್ಲಿ ಅವುಗಳಿಗಾಗಿ ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯ ಕೋಣೆಯನ್ನೇ ಕಟ್ಟಿದ್ದಾರೆ. ವಿಜ್ಞಾನಿಗಳು ದಪ್ಪ ಕೋಟು ತೊಟ್ಟು ಒಳಗೆ ಹೋಗಿ ಆ ಕಲ್ಲನ್ನು ಕತ್ತರಿಸುತ್ತಾರೆ. ಕಲ್ಲಿನ ಹಿತಕ್ಕಾಗಿ ಮನುಷ್ಯರು ಚಳಿಯಲ್ಲಿ ನಿಲ್ಲುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಈಗ ನಿನ್ನ ಹುಡುಕಾಟಕ್ಕೆ ಬರುತ್ತೇನೆ. ಆ ವರ್ಷ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕ್ಯಾಲ್ಗರಿ ಮತ್ತು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯಗಳ ತಂಡ ಸರೋವರದ ಮೇಲೆ ಹುಡುಕಿತು. ಕರಿಯ ಕಲ್ಲು ಬಿಸಿಲು ಹೀರಿ ಬೆಚ್ಚಗಾಗಿ, ಕೆಳಗಿನ ಮಂಜುಗಡ್ಡೆ ಕರಗಿಸಿಕೊಂಡು ಗುಳಿಯೊಳಗೆ ಇಳಿದುಬಿಟ್ಟಿತ್ತು. ಹಲವನ್ನು ಸುತ್ತಲಿನ ಮಂಜುಗಡ್ಡೆಯ ಸಮೇತ ಗರಗಸದಿಂದ ಕೊಯ್ದು ತೆಗೆದರು. ಒಟ್ಟಿಗೆ ಐನೂರರಷ್ಟು ಚೂರುಗಳು, ಹತ್ತು ಕಿಲೋ ಆಸುಪಾಸು. ಅಷ್ಟರಲ್ಲಿ ಮಂಜುಗಡ್ಡೆ ಒಡೆಯಿತು, ಮಿಕ್ಕದ್ದು ನೀರಿನ ಪಾಲಾಯಿತು. ನೀರಿನಲ್ಲಿ ನೆನೆದ ಈ ಜಾತಿಯ ಕಲ್ಲು ಪುಡಿಯಾಗಿ ಕೆಸರಾಗುತ್ತದೆ. ಆದ್ದರಿಂದ ದಂಡೆಯಲ್ಲಿ ಎಷ್ಟು ಅಲೆದರೂ ನಿನಗೆ ಅದು ಸಿಗುವುದಿಲ್ಲ, ಮಗನೇ. ಅಂತರ್ಜಾಲದಲ್ಲಿ ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡ.

ಸಿಗುವುದಿಲ್ಲ ಎಂಬುದಕ್ಕಿಂತ ದೊಡ್ಡ ಕಾರಣವೊಂದಿದೆ, ಅದನ್ನು ಗಮನವಿಟ್ಟು ಓದು. ನೀನು ಹಿಡಿಯಬೇಕೆಂದಿರುವ ಗ್ರೇಲಿಂಗ್ ಮೀನು ಮೊಟ್ಟೆಯಿಡುವುದು ಮಂಜುಗಡ್ಡೆ ಒಡೆದ ಬೆನ್ನಿಗೇ, ಅಂದರೆ ನೀನು ರಜೆ ಹಾಕಿ ಕಲ್ಲು ಹುಡುಕಲು ಹೊರಟಿರುವ ಅದೇ ವಾರಗಳಲ್ಲಿ. ಸರೋವರಕ್ಕೆ ಸೇರುವ ಚಿಕ್ಕ ಹೊಳೆಗಳಿಗೆ ಏರಿ, ಸಣ್ಣ ಕಲ್ಲುಹರಳಿನ ಮೇಲೆ ಮೊಟ್ಟೆ ಚೆಲ್ಲುತ್ತದೆ. ಗೂಡು ತೋಡುವುದಿಲ್ಲ, ಕಾವಲು ನಿಲ್ಲುವುದಿಲ್ಲ. ಮೊಟ್ಟೆಗಳು ಹರಳುಗಳ ನಡುವೆ ಅಂಟಿಕೊಂಡು ಎರಡು ಮೂರು ವಾರ ಇರುತ್ತವೆ. ಅದೇ ನೀರಿನ ದೊಡ್ಡ ಮೀನು ಲೇಕ್ ಟ್ರೌಟ್ ಶರತ್ಕಾಲದ ರಾತ್ರಿಗಳಲ್ಲಿ ಕಲ್ಲುಗುಪ್ಪೆಗಳ ಮೇಲೆ ಮೊಟ್ಟೆ ಹಾಕುತ್ತದೆ. ಅವು ಸಂದಿಗಳಿಗೆ ಇಳಿದು ಚಳಿಗಾಲವಿಡೀ ಅಲ್ಲೇ ಬೆಳೆದು ವಸಂತದ ಹೊತ್ತಿಗೆ ಮರಿಯಾಗುತ್ತವೆ. ಹೊಳೆಯ ಬಾಯಲ್ಲಿ, ದಂಡೆಯ ಆಳವಿಲ್ಲದ ನೀರಿನಲ್ಲಿ ಕಲ್ಲು ಮಗುಚುತ್ತಾ ಹೋಗುವವನ ಬೂಟಿನ ಕೆಳಗೆ ಸಾವಿರಾರು ಮೊಟ್ಟೆಗಳಿರಬಹುದು. ಕದಡಿದ ಹೂಳು ಸಂದಿಗಳನ್ನು ಮುಚ್ಚಿದರೂ ಸಾಕು, ಮೊಟ್ಟೆಗಳಿಗೆ ಉಸಿರಿಲ್ಲ. ಇಲ್ಲದ ಕಲ್ಲಿನ ಆಸೆಗೆ ಇರುವ ಮೀನಿನ ಸಂತಾನ ಹಾಳಾಗುವುದು ಬೇಡ. ವಸಂತದ ಆ ಯೋಜನೆಯನ್ನು ಕೈಬಿಡು. ಆ ರಜೆಯಲ್ಲಿ ಎಡ್ಮಂಟನ್‌ಗೆ ಹೋಗಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸು, ಕಲ್ಲನ್ನು ತೋರಿಸುವ ಏರ್ಪಾಡಿದ್ದರೆ ನೋಡಿಕೊಂಡು ಬಾ.

ಚಳಿಗಾಲದ ಮೀನಿನ ಆಸೆಗೆ ನನ್ನ ಒಪ್ಪಿಗೆ ಇದೆ. ಆದರೆ ಮೊದಲು ಮಂಜುಗಡ್ಡೆಯ ವಿಚಾರ. ಸ್ಪಷ್ಟವಾದ ನೀಲಿ ಮಂಜುಗಡ್ಡೆ ಹತ್ತು ಸೆಂಟಿಮೀಟರ್ ದಪ್ಪವಿದ್ದರೆ ಒಬ್ಬ ಮನುಷ್ಯನನ್ನು ಹೊರುತ್ತದೆ, ಕಾರಿಗೆ ಮೂವತ್ತರಷ್ಟಾದರೂ ಬೇಕು. ಹಿಮ ಬೆರೆತ ಬಿಳಿ ಮಂಜುಗಡ್ಡೆಗೆ ಅದರ ಅರ್ಧ ಬಲ, ಆದ್ದರಿಂದ ಅಲ್ಲಿ ಎರಡು ಪಟ್ಟು ದಪ್ಪ ನೋಡಬೇಕು. ಹೊಳೆ ಸೇರುವಲ್ಲಿ, ಸರೋವರ ಕಿರಿದಾಗುವಲ್ಲಿ, ಕೆಳಗೆ ನೀರು ಓಡುವಲ್ಲಿ ಎಷ್ಟೇ ಚಳಿಯಿದ್ದರೂ ತೆಳುವಾಗಿರುತ್ತದೆ. ಒಬ್ಬನೇ ಹೋಗಬೇಡ. ಆ ಊರಿನವರು ಹೆಜ್ಜೆಯಿಡದ ಜಾಗದಲ್ಲಿ ನೀನೂ ಇಡಬೇಡ. ಇದು ನಿನ್ನ ಅಮ್ಮನ ಪರವಾಗಿಯೂ ಹೇಳುತ್ತಿರುವ ಮಾತು.

ಗ್ರೇಲಿಂಗ್ ಸಾಲ್ಮನ್ ಕುಟುಂಬಕ್ಕೆ ಸೇರಿದ್ದು. ಬೆನ್ನ ಮೇಲೆ ಹಾಯಿಯಂತೆ ಬಿಚ್ಚುವ ದೊಡ್ಡ ರೆಕ್ಕೆ, ಅದರಲ್ಲಿ ಬಣ್ಣದ ಚುಕ್ಕೆಗಳು. ಈ ಕುಲಕ್ಕೆಲ್ಲ ತಣ್ಣನೆಯ ನೀರೇ ಬೇಕು. ಶೂನ್ಯ ಡಿಗ್ರಿಯ ನೀರು ಲೀಟರಿಗೆ ಹದಿನಾಲ್ಕೂವರೆ ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, ಇಪ್ಪತ್ತು ಡಿಗ್ರಿಯಲ್ಲಿ ಅದು ಒಂಬತ್ತಕ್ಕೆ ಇಳಿಯುತ್ತದೆ. ನೀರು ನಾಲ್ಕು ಡಿಗ್ರಿಯಲ್ಲಿ ಅತ್ಯಂತ ಭಾರವಾಗುವುದರಿಂದ ಸರೋವರ ಮೇಲೆ ಹೆಪ್ಪುಗಟ್ಟಿದರೂ ಕೆಳಗೆ ಬದುಕು ಸಾಗುತ್ತದೆ. ಆದರೆ ತಂಪಿಗೆ ಬೆಲೆ ತೆರಬೇಕು. ಚಳಿಯಲ್ಲಿ ದೇಹ ನಿಧಾನವಾಗಿ ಬೆಳೆಯುತ್ತದೆ. ನಮ್ಮ ಕರಾವಳಿಯ ಬೂತಾಯಿ ಒಂದೇ ವರ್ಷದಲ್ಲಿ ಮೊಟ್ಟೆಗೆ ಬರುತ್ತದೆ. ಆ ಉತ್ತರದ ಲೇಕ್ ಟ್ರೌಟ್‌ಗೆ ಎಂಟು ಹತ್ತು ವರ್ಷ ಬೇಕು, ಆಮೇಲೂ ಪ್ರತಿವರ್ಷ ಮೊಟ್ಟೆಯಿಡುತ್ತದೆಂಬ ಖಾತರಿಯಿಲ್ಲ. ಮೂವತ್ತು ನಲವತ್ತು ವರ್ಷ ಬದುಕುವುದುಂಟು. ನಿನ್ನ ಗಾಳಕ್ಕೆ ಸಿಗುವ ದೊಡ್ಡ ಮೀನು ನಿನಗಿಂತ ಹಿರಿಯದಾಗಿರಬಹುದು! ಗ್ರೇಲಿಂಗ್ ಅಷ್ಟು ದೀರ್ಘಾಯುಷಿಯಲ್ಲ, ಆದರೆ ಗಾಳಕ್ಕೆ ಬಹಳ ಸುಲಭವಾಗಿ ಬೀಳುತ್ತದೆ. ಕೀಟ ತಿಂದು ಬದುಕುವ ಅದಕ್ಕೆ ಅನುಮಾನವೇ ಕಡಿಮೆ. ಒಂದು ಹೊಳೆಯನ್ನು ಕೆಲವೇ ಜನ ಕೆಲವೇ ದಿನಗಳಲ್ಲಿ ಬರಿದು ಮಾಡಿಬಿಡಬಲ್ಲರು.

ಅದಕ್ಕೆ ನೀನು ಬರೆದ ಉಪಾಯ, ಹಿಡಿದ ಎಲ್ಲವನ್ನೂ ಬಿಟ್ಟುಬಿಡುವುದು. ಕಚೇರಿಯ ಗೆಳೆಯರು ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿಯುತ್ತಾರೆ, ಫೋಟೊ ತೆಗೆಯುತ್ತಾರೆ, ಬಿಡುತ್ತಾರೆ, ಯಾವ ಮೀನಿಗೂ ತೊಂದರೆಯಿಲ್ಲ ಎಂದಿದ್ದೀಯ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಸರೋವರ ಇರುವುದು ಕಾರ್‌ಕ್ರಾಸ್ ಟ್ಯಾಗಿಶ್ ಮತ್ತು ಟಾಕು ನದಿಯ ಟ್ಲಿಂಗಿಟ್ ಜನರ ಪರಂಪರೆಯ ನೆಲದಲ್ಲಿ. ಯೂಕಾನ್‌ನ ಮೂಲನಿವಾಸಿ ಹಿರಿಯರಲ್ಲಿ ಹಲವರು ಹಿಡಿದು ಬಿಡುವ ಈ ಆಟವನ್ನು ಬಹುಕಾಲದಿಂದ ವಿರೋಧಿಸುತ್ತ ಬಂದಿದ್ದಾರೆ. ಮೀನು ಅನ್ನ, ಅನ್ನದೊಂದಿಗೆ ಆಡಬಾರದು ಎಂಬುದು ಅವರ ನಿಲುವು. ಮೀನುಗಾರಿಕಾ ಇಲಾಖೆಗಳು, ದೊಡ್ಡ ಮೊಟ್ಟೆಮೀನು ನೀರಿನಲ್ಲೇ ಉಳಿಯಲಿ ಎಂದು, ಕೆಲವು ಅಳತೆಯವನ್ನು ಬಿಡಲೇಬೇಕೆಂಬ ನಿಯಮ ಮಾಡಿರುತ್ತವೆ. ಅದರಲ್ಲಿಯೂ ನ್ಯಾಯವಿದೆ. ನಾನು ಎರಡನ್ನೂ ತೂಗಿ ನೋಡಿ ನಿನಗೆ ಹೇಳುವುದಿಷ್ಟು: ಉಣ್ಣಲು ಹಿಡಿ. ಒಂದು ಊಟಕ್ಕೆ ಆಗುವಷ್ಟು ಸಿಕ್ಕ ಕೂಡಲೇ ಗಾಳ ಸುತ್ತಿಡು, ಹೊತ್ತು ಎಷ್ಟೇ ಉಳಿದಿರಲಿ. ನಿಯಮ ಬಿಡು ಎಂದಿದ್ದನ್ನು ಮಾತ್ರ ಬಿಡು. ಬಿಡುವುದಕ್ಕೆಂದೇ ಹಿಡಿಯಬೇಡ.

ನಮ್ಮ ನಾಡಿನವರಿಗೆ ಇದು ಹೊಸ ಮಾತಲ್ಲ. ಶಿಶಿಲದಲ್ಲಿ, ಶೃಂಗೇರಿಯಲ್ಲಿ ದೇವಸ್ಥಾನದ ಮುಂದಿನ ಹೊಳೆಯ ಮೀನುಗಳಿಗೆ ಯಾರೂ ಗಾಳ ಹಾಕುವುದಿಲ್ಲ. ಮೊಣಕಾಲುದ್ದದ ಮೀನುಗಳು ಮೆಟ್ಟಿಲ ಬಳಿಗೇ ಬರುತ್ತವೆ. ಮೀನು ತಿನ್ನುವ ನಮ್ಮ ಮನೆಯಲ್ಲೂ ಮಳೆಗಾಲದ ಆರಂಭದ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದಿರುವುದನ್ನು ಯಾರೂ ಕಷ್ಟವೆಂದುಕೊಳ್ಳಲಿಲ್ಲ. ಆಗ ಒಣಮೀನು ತಿಂದೆವು.

ಬಿಡಬೇಕಾದ ಮೀನು ಸಿಕ್ಕೇ ಸಿಗುತ್ತದೆ, ಅದಕ್ಕೆ ಮೊದಲೇ ಸಿದ್ಧವಾಗಿರು. ಮನೆಯಲ್ಲೇ ಕೊಕ್ಕೆಯ ತುದಿಯಲ್ಲಿರುವ ಹಿಮ್ಮುಖದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೋ, ಬಾಯಿ ಹರಿಯದೆ ಕಳಚುತ್ತದೆ. ಮೀನಿನ ಮೈಮೇಲಿನ ಲೋಳೆಯೇ ಅದರ ರಕ್ಷಾಕವಚ. ಒಣ ಕೈಯಲ್ಲಿ, ಉಣ್ಣೆಯ ಕೈಗವಸಿನಲ್ಲಿ ಹಿಡಿದರೆ ಅದು ಕಿತ್ತು ಬರುತ್ತದೆ, ಆಮೇಲೆ ಬೂಷ್ಟು ಹಿಡಿದು ಸಾಯುತ್ತದೆ. ಆದ್ದರಿಂದ ಕೈ ಒದ್ದೆ ಮಾಡಿಕೊಂಡೇ ಮುಟ್ಟು. ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಗಾಳಿಯಲ್ಲಿ ಅದನ್ನು ಎತ್ತಿ ಹಿಡಿದು ನಗುತ್ತಾ ನಿಂತರೆ ಅದರ ಕಿವಿರಿನ ಎಳೆಗಳೂ ಕಣ್ಣೂ ಹೆಪ್ಪುಗಟ್ಟುತ್ತವೆ. ನೀರಿಗೆ ಬಿಟ್ಟಾಗ ಈಜಿಕೊಂಡು ಹೋದದ್ದು ಬದುಕಿತು ಎಂದುಕೊಳ್ಳಬೇಡ. ಕೊಕ್ಕೆ ಬಿಡಿಸುವುದು ಗುಳಿಯ ನೀರಿನಲ್ಲೇ ಆಗಲಿ. ಫೋಟೊ ಇಲ್ಲದಿದ್ದರೆ ನನಗೇನೂ ಬೇಸರವಿಲ್ಲ, ಮಾತಿನಲ್ಲಿ ಬರೆ, ಓದಿ ಸಂತೋಷಪಡುತ್ತೇನೆ.

ಒಂದು ವೇಳೆ ಆ ಮಂಜುಗಡ್ಡೆಯ ಮೇಲೆ ನಿನಗೆ ಹೊಸದಾಗಿ ಬಿದ್ದ ಕರಿಯ ಕಲ್ಲು ಕಂಡರೆ? ಆಗಬಾರದೆಂದೇನಿಲ್ಲ. ಬಿಳಿಯ ಬಯಲಿನಲ್ಲಿ ಕಲ್ಲು ತಾನಾಗಿ ಹುಟ್ಟುವುದಿಲ್ಲ, ಉಲ್ಕಾಶಿಲೆ ಗುರುತಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಿದ್ದ ಕಲ್ಲು ಸುಡುತ್ತಿರುತ್ತದೆ ಎಂದು ಜನ ನಂಬುತ್ತಾರೆ, ಅದು ಸುಳ್ಳು. ಹೊರಪದರ ಕರಗಿ ಕಳಚಿಹೋಗುತ್ತದೆ, ಒಳಗೆ ಬಾಹ್ಯಾಕಾಶದ ಚಳಿ ಹಾಗೆಯೇ ಇರುತ್ತದೆ. ಕೊನೆಯ ಕೆಲವು ನಿಮಿಷ ಅದು ಬೆಳಕಿಲ್ಲದೆ, ಎಸೆದ ಕಲ್ಲಿನ ವೇಗದಲ್ಲಿ ಬೀಳುವಾಗ ಮೇಲ್ಮೈಯೂ ಆರುತ್ತದೆ. ಹಾಗೆ ಕಂಡರೆ ಮೊದಲು ಅಳತೆಗೆ ಪಕ್ಕದಲ್ಲಿ ಏನಾದರೂ ಇಟ್ಟು ಫೋಟೊ ತೆಗೆ, ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಗುರುತು ಹಾಕಿಕೋ. ಹೊಸ ಪ್ಲಾಸ್ಟಿಕ್ ಚೀಲವನ್ನು ಒಳಹೊರಗು ಮಾಡಿ ಅದರಿಂದಲೇ ಎತ್ತಿ ಮುಚ್ಚು, ಬೆಚ್ಚನೆಯ ಕಾರಿನೊಳಗೆ ಇಡದೆ ಹೊರಗಿನ ಚಳಿಯಲ್ಲೇ ಸಾಗಿಸು. ಕಬ್ಬಿಣವಿದೆಯೇ ನೋಡೋಣ ಎಂದು ಅಯಸ್ಕಾಂತ ತಾಗಿಸಬೇಡ. ಆ ಕಲ್ಲಿನೊಳಗೆ ಸೌರವ್ಯೂಹದ ಬಾಲ್ಯದ ಕಾಂತಕ್ಷೇತ್ರದ ಗುರುತು ಉಳಿದಿರಬಹುದು, ಇಂದಿನ ಬಲವಾದ ಅಯಸ್ಕಾಂತ ಒಂದೇ ಸ್ಪರ್ಶಕ್ಕೆ ಅದನ್ನು ಅಳಿಸಿಹಾಕುತ್ತದೆ. ನಂತರ ವಿಶ್ವವಿದ್ಯಾಲಯಕ್ಕೆ ತಿಳಿಸು. ನನಗೆ ತರುವ ಮಾತು ಬೇಡ, ಅನುಮತಿ ಪತ್ರವಿಲ್ಲದೆ ಕೆನಡಾದಿಂದ ಉಲ್ಕಾಶಿಲೆಯನ್ನು ಹೊರಗೆ ಒಯ್ಯುವುದು ಕಾನೂನಿಗೆ ವಿರುದ್ಧ.

ಆದರೂ ನನಗೆ ಒಂದು ಕಲ್ಲಿನ ಆಸೆಯಿದೆ, ಅದನ್ನು ನೀನು ನ್ಯಾಯವಾಗಿಯೇ ಪೂರೈಸಬಹುದು. ನೀನು ಅಡುಗೆಗೆಂದು ಇಟ್ಟುಕೊಂಡ ಮೀನಿನ ತಲೆಯೊಳಗೆ, ಮೆದುಳಿನ ಕೆಳಬದಿಯಲ್ಲಿ ಒಂದು ಜೊತೆ ಬಿಳಿಯ ಕಿವಿಕಲ್ಲುಗಳಿರುತ್ತವೆ. ಸುಣ್ಣದ ಖನಿಜದವು, ಅಕ್ಕಿಕಾಳಿಗಿಂತ ಬಹಳ ದೊಡ್ಡವಲ್ಲ. ಮೀನು ಬದುಕಿದ ಪ್ರತಿವರ್ಷಕ್ಕೂ ಅವುಗಳಲ್ಲಿ ಒಂದು ಉಂಗುರ ಕೂಡಿಕೊಳ್ಳುತ್ತದೆ. ಅವುಗಳಲ್ಲಿನ ಆಮ್ಲಜನಕದ ಐಸೊಟೋಪ್‌ಗಳನ್ನು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು ಅಳೆದರೆ ಆ ಮೀನು ಎಂಥ ತಂಪಿನ ನೀರಿನಲ್ಲಿ ಬೆಳೆಯಿತೆಂದು ತಿಳಿಯುತ್ತದೆ. ಉಲ್ಕಾಶಿಲೆ ಯಾವ ಕುಲದ್ದೆಂದು ಗುರುತಿಸುವುದೂ ಆಮ್ಲಜನಕದ ಐಸೊಟೋಪ್‌ಗಳ ಲೆಕ್ಕದಿಂದಲೇ. ಚಿಮಟದಿಂದ ಒಂದನ್ನು ತೆಗೆದು, ನಡುವೆ ಮುರಿದು, ಮುರಿದ ಮೈಯನ್ನು ಮೊಂಬತ್ತಿಯ ಉರಿಗೆ ಕಂದು ಬಣ್ಣ ಬರುವಷ್ಟು ಮಾತ್ರ ಹಿಡಿದು, ಒಂದು ಹನಿ ಎಣ್ಣೆ ಸವರಿ ಭೂತಗನ್ನಡಿಯಲ್ಲಿ ನೋಡು, ಕಪ್ಪು ಉಂಗುರಗಳು ಕಾಣುತ್ತವೆ. ಎಣಿಸಿ ನನಗೆ ಬರೆ. ಇನ್ನೊಂದನ್ನು ಒಣಗಿಸಿ, ಹಿಡಿದ ದಿನಾಂಕ, ಜಾಗ, ಮೀನಿನ ಉದ್ದ ಬರೆದ ಲಕೋಟೆಯಲ್ಲಿ ಹಾಕಿಡು. ಮೀನುಗಾರಿಕಾ ಇಲಾಖೆಯವರಿಗೆ ಬೇಕೇ ಎಂದು ಮೊದಲು ಕೇಳು, ಅವರಿಗೆ ಬೇಡವಾದರೆ ನನಗಿರಲಿ.

ಕೈಗವಸು ಎರಡು ಜೊತೆ ಕಳಿಸಿದ್ದೇನೆ, ಪಾರ್ಸೆಲ್ ತಲುಪಿದ ಕೂಡಲೇ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ